ಬೋರಿನ ನೀರಲ್ಲಿ ಶ್ರಿಂಪ್ ತೊಟ್ಟಿ: ಗಡಸುತನ ಇಳಿಸುವುದು ಬಕೆಟ್‌ನಲ್ಲಿ, ತೊಟ್ಟಿಯಲ್ಲಲ್ಲ

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ನೀರಿನ ಗಿಡ ಬೆಳೆಸುವ ಗಾಜಿನ ತೊಟ್ಟಿಯಲ್ಲಿ (ಅಕ್ವೇರಿಯಂ) ಶ್ರಿಂಪ್, ಅಂದರೆ ಪುಟ್ಟ ಸಿಗಡಿ, ಸಾಕಲು ಹೋದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅನ್ನುವುದರ ಅಳತೆ, ನೋಡಿದರೆ 8.2 ಬರುತ್ತದೆ. ಗಾಬರಿಯಾಗಿ ಪಿಎಚ್ ಇಳಿಸುವ ದ್ರಾವಣ ತಂದು ಹಾಕುತ್ತಾರೆ. ಸಂಜೆಗೆ 7ಕ್ಕೆ ಇಳಿಯುತ್ತದೆ, ಖುಷಿ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ 8. ಇನ್ನೊಂದು ಮುಚ್ಚಳ ಹಾಕುತ್ತಾರೆ. ಮೂರನೇ ದಿನಕ್ಕೆ ಶ್ರಿಂಪ್ ಒಂದೊಂದಾಗಿ ಮಗುಚಿಕೊಳ್ಳುತ್ತವೆ.

ಅವನ್ನು ಕೊಂದದ್ದು 8.2 ಅಲ್ಲ. ದಿನಕ್ಕೆರಡು ಸಲ ಮೇಲೆ ಕೆಳಗೆ ಕುಣಿದ ನೀರು. ನೀರಿನಲ್ಲಿ ಕಾರ್ಬೊನೇಟ್, ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಅದು ಹಾಕಿದ ಆಮ್ಲವನ್ನೆಲ್ಲ ನುಂಗಿ ಪಿಎಚ್ ಅನ್ನು ಮತ್ತೆ ಮೇಲಕ್ಕೆ ತರುತ್ತದೆ. ಇದರ ಅಳತೆಯೇ ಕೆಎಚ್. ಹಾಗಾಗಿ ಹಿಡಿಯಬೇಕಾದ್ದು ಕೆಎಚ್ ಅನ್ನು. ಅದನ್ನೂ ತೊಟ್ಟಿಯೊಳಗೆ ಇಳಿಸಬಾರದು. ಹೊರಗೆ ಬಕೆಟ್‌ನಲ್ಲಿ ನೀರು ತಯಾರಿಸಿ, ಅಳೆದು, ಆಮೇಲೆ ಒಳಗೆ ಹಾಕಬೇಕು.

ಜಿಎಚ್ ಅನ್ನುವುದು ಬೇರೆ. ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ. ಶ್ರಿಂಪ್‌ನ ಹೊರಪೊರೆ ಕಟ್ಟಿಕೊಳ್ಳುವುದು ಇದರಿಂದ. ಕೆಎಚ್ ಇಳಿಸುವ ಭರದಲ್ಲಿ ಜಿಎಚ್ ಅನ್ನೂ ಕಳೆದುಕೊಳ್ಳುವವರೇ ಬಹಳ. ಎರಡನ್ನೂ ಡಿಗ್ರಿಯಲ್ಲಿ ಅಳೆಯುತ್ತಾರೆ. 1 ಡಿಗ್ರಿ ಅಂದರೆ ಸುಮಾರು 17.9 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ನಿಮ್ಮ ನೀರಿನ ಲ್ಯಾಬ್ ವರದಿಯಲ್ಲಿ 'ಟೋಟಲ್ ಹಾರ್ಡ್‌ನೆಸ್ 360' ಅಂತಿದ್ದರೆ ಅದನ್ನು 17.9ರಿಂದ ಭಾಗಿಸಿ. ಜಿಎಚ್ 20.

ಬೇಕಾಗುವ ಸಾಮಾನು

ಹನಿ ಹಾಕಿ ಅಳೆಯುವ ಜಿಎಚ್ ಮತ್ತು ಕೆಎಚ್ ಕಿಟ್. ಅದ್ದಿ ನೋಡುವ ಪಟ್ಟಿ ಬೇಡ. ಅದರ ಬಣ್ಣ 8 ಅನ್ನುತ್ತಿದೆಯೋ 15 ಅನ್ನುತ್ತಿದೆಯೋ ಹೇಳುವುದು ಕಷ್ಟ, ನಮಗೆ ಬೇಕಾದ್ದು ಆ ವ್ಯತ್ಯಾಸವೇ.

ಒಂದು ಟಿಡಿಎಸ್ ಪೆನ್, ನೀರಲ್ಲಿ ಕರಗಿದ ಲವಣಗಳೆಲ್ಲ ಒಟ್ಟು ಎಷ್ಟಿವೆ ಅಂತ ತೋರಿಸುವುದು. 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ. ಅಳತೆ ಗುರುತು ಇರುವ 20 ಲೀಟರ್ ಬಕೆಟ್ ಎರಡು. ಇವನ್ನು ಬೇರೆ ಯಾವುದಕ್ಕೂ ಬಳಸಬಾರದು, ಸೋಪಿನ ಕೈ ತಾಗಬಾರದು. ಮನೆಯವರಿಗೆ ಮೊದಲೇ ಹೇಳಿಡಿ. ಗಾಳಿ ಕಲ್ಲು ಸಮೇತ ಒಂದು ಸಣ್ಣ ಏರ್ ಪಂಪ್, ಒಂದು ತೆಳು ಪೈಪ್, ಒಂದು ನೋಟ್‌ಬುಕ್. ನೋಟ್‌ಬುಕ್ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಯಾವ ನೀರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ನಮ್ಮ ಊರುಗಳ ನಿಜವಾದ ತೊಂದರೆ ಬರೀ ಗಡಸುತನ ಅಲ್ಲ. ವಾರಕ್ಕೊಂದು ಗಡಸುತನ. ಹುಬ್ಬಳ್ಳಿ-ಧಾರವಾಡದ ನಳಕ್ಕೆ ಮಲಪ್ರಭಾ ನೀರು ಬರುತ್ತದೆ, ಕೆಲವು ಕಡೆ ನೀರಸಾಗರದ್ದು. ಗದಗ-ಬೆಟಗೇರಿಗೆ ತುಂಗಭದ್ರಾ. ಈ ಹೊಳೆ ನೀರು ಸಾಮಾನ್ಯವಾಗಿ ಬೋರಿಗಿಂತ ಎಷ್ಟೋ ಮೆದು. ಆದರೆ ಬಹಳ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಸಂಪಿಗೆ ಬಿಡುತ್ತೇವೆ, ಸಂಪು ಖಾಲಿಯಾಗುತ್ತಾ ಬಂದರೆ ಬೋರು ಹಾಕುತ್ತೇವೆ. ಎರಡೂ ಕಲೆತು ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಸೋಮವಾರ ಕೆಎಚ್ 5 ಇದ್ದ ನಲ್ಲಿಯಲ್ಲೇ ಶುಕ್ರವಾರ 14 ಬರಬಹುದು. ನೀವು ಪ್ರತಿ ವಾರ ಒಂದೇ ನಲ್ಲಿಯಿಂದ ನೀರು ಬದಲಿಸುತ್ತಿದ್ದೀರಿ, ಶ್ರಿಂಪ್ ಮಾತ್ರ ಪ್ರತಿ ವಾರ ಬೇರೆ ಊರಿಗೆ ಹೋಗಿ ಬಂದಂತೆ.

ಆದ್ದರಿಂದ ಅಡುಗೆಮನೆ ನಲ್ಲಿಯ ನೀರು ಅಳೆದು ಸುಮ್ಮನಾಗಬೇಡಿ. ನಳ ಬಂದ ದಿನ ನೇರ ಪೈಪಿನಿಂದ ಒಂದು ಬಾಟಲಿ ಹಿಡಿಯಿರಿ. ಬೋರು ಐದು ನಿಮಿಷ ಓಡಿದ ಮೇಲೆ ಅದರಿಂದ ಇನ್ನೊಂದು ಬಾಟಲಿ. ಮೇಲಿನ ಟ್ಯಾಂಕಿನಿಂದ ಮೂರನೆಯದು, ತೊಟ್ಟಿಯಿಂದ ನಾಲ್ಕನೆಯದು. ನಾಲ್ಕಕ್ಕೂ ಜಿಎಚ್, ಕೆಎಚ್, ಟಿಡಿಎಸ್, ಪಿಎಚ್ ಬರೆದುಕೊಳ್ಳಿ.

ಬೋರಿನ ನೀರಿಗೆ ತೊಗರಿಬೇಳೆ ಬೇಯದಿದ್ದರೆ, ಬಚ್ಚಲ ಹಂಡೆಯೊಳಗೆ ಬಿಳಿ ಸುಣ್ಣದ ಪದರ ಕಟ್ಟುತ್ತಿದ್ದರೆ ಅಂಕಿ ದೊಡ್ಡದೇ ಬರುತ್ತದೆ ಅಂತ ಮೊದಲೇ ಊಹಿಸಬಹುದು. ಆದರೂ ಅಳೆಯಿರಿ. ಮನೆ ಹೊಸದಾಗಿದ್ದರೆ ಸಂಪಿನ ಮೇಲೂ ಕಣ್ಣಿರಲಿ. ಹೊಸ ಸಿಮೆಂಟ್ ಗಿಲಾವು ಕೆಲವು ತಿಂಗಳು ನೀರಿನ ಪಿಎಚ್ ಏರಿಸುತ್ತಲೇ ಇರುತ್ತದೆ.

ಒಂದು ವಿಚಿತ್ರ ಫಲಿತಾಂಶ ಬರಬಹುದು: ಕೆಎಚ್ 18, ಜಿಎಚ್ 7. ಕಿಟ್ ಕೆಟ್ಟಿದೆ ಅಂತ ಬಿಸಾಡಬೇಡಿ. ಎರೆ ಭೂಮಿಯ ಕೆಲವು ಬೋರುಗಳಲ್ಲಿ ಸೋಡಿಯಂ ಬೈಕಾರ್ಬೊನೇಟ್ ಇರುತ್ತದೆ, ಅಂದರೆ ಅಡುಗೆ ಸೋಡಾದ್ದೇ ಅಂಶ. ಅದು ಕೆಎಚ್ ಏರಿಸುತ್ತದೆ, ಜಿಎಚ್‌ಗೆ ಏನೂ ಕೊಡುವುದಿಲ್ಲ. ಇಂಥ ನೀರಿಗೆ ದಾರಿ ಸ್ವಲ್ಪ ಬೇರೆ. 6ನೇ ಹಂತದಲ್ಲಿ ಹೇಳುತ್ತೇನೆ.

ಹಂತ 2: ಕಿಟ್ ನಿಜ ಹೇಳುತ್ತಿದೆಯಾ ನೋಡಿ

ಕಿಟ್ ಹಳೆಯದಾಗಿದ್ದರೆ ಮುಂದಿನ ಲೆಕ್ಕವೆಲ್ಲ ದಂಡ. ಪರೀಕ್ಷೆ ಸುಲಭ. 1.2 ಗ್ರಾಂ ಅಡುಗೆ ಸೋಡಾವನ್ನು 1 ಲೀಟರ್ ಆರ್‌ಒ ನೀರಲ್ಲಿ ಕರಗಿಸಿ. ಇದು ಕೆಎಚ್ 40. ಇದರಲ್ಲಿ 100 ಎಂಎಲ್ ತೆಗೆದು, ಅದಕ್ಕೆ ಆರ್‌ಒ ನೀರು ಸೇರಿಸಿ 1 ಲೀಟರ್ ಮಾಡಿ. ಈಗ ಕೆಎಚ್ 4. ಕಿಟ್ ನಾಲ್ಕು ಹನಿಗೆ ನೀಲಿಯಿಂದ ಹಳದಿಗೆ ತಿರುಗಬೇಕು. ಐದಾದರೆ ಪರವಾಗಿಲ್ಲ. ಎಂಟಾದರೆ ಹೊಸ ಕಿಟ್ ತನ್ನಿ. ನೀವು ಬಳಸುವ ಆರ್‌ಒ ನೀರಿಗೇ ಒಂದು ಡಿಗ್ರಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೋಡಾ ಅಂದರೆ ಸೋಡಾನೇ ಇರಲಿ. ಬೇಕಿಂಗ್ ಪೌಡರ್ ಬೇರೆ.

ಹೆಚ್ಚಿನ ಕಿಟ್‌ಗಳಲ್ಲಿ 5 ಎಂಎಲ್ ನೀರಿಗೆ ಒಂದು ಹನಿ ಅಂದರೆ 1 ಡಿಗ್ರಿ. 10 ಎಂಎಲ್ ತಗೊಂಡರೆ ಹನಿಗೆ ಅರ್ಧ ಡಿಗ್ರಿ, ಲೆಕ್ಕ ಇನ್ನೂ ನಿಖರ. ಪ್ರತಿ ಹನಿಗೂ ಕುಲುಕಿ.

ಆ ಕೆಎಚ್ 4ರ ನೀರು ಚೆಲ್ಲಬೇಡಿ. 9ನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ಇಳಿಸಲೇಬೇಕಾ?

ಚೆರ್ರಿ ಶ್ರಿಂಪ್, ಅದರ ಹಳದಿ, ನೀಲಿ ಬಣ್ಣದ ಅಕ್ಕತಂಗಿಯರು ಗಟ್ಟಿ ಜೀವ. ಜಿಎಚ್ 6ರಿಂದ 10, ಕೆಎಚ್ 2ರಿಂದ 8, ಟಿಡಿಎಸ್ 150ರಿಂದ 300, ಪಿಎಚ್ 6.8ರಿಂದ 7.8 ಇದ್ದರೆ ಆರಾಮಾಗಿ ಮರಿ ಹಾಕುತ್ತವೆ. ಕೆಎಚ್ 10 ಇದ್ದು, ವಾರದಿಂದ ವಾರಕ್ಕೆ ಅಲುಗದೆ ನಿಂತಿದ್ದರೂ ನಾನು ಮುಟ್ಟಲು ಹೋಗುವುದಿಲ್ಲ. ತೊಟ್ಟಿಯಲ್ಲಿ ಮೊಟ್ಟೆ ಹೊತ್ತ ಹೆಣ್ಣುಗಳು ಕಾಣುತ್ತಿದ್ದರೆ ಕಿಟ್ ಒಳಗಿಟ್ಟು ಟೀ ಕುಡಿಯಿರಿ.

ಕೆಎಚ್ 12 ದಾಟಿದ್ದರೆ, ಅಥವಾ ಅಂಕಿ ಕುಣಿಯುತ್ತಿದ್ದರೆ ಮುಂದೆ ಓದಿ.

ಕ್ರಿಸ್ಟಲ್ ರೆಡ್ ತರಹದ ಬೀ ಶ್ರಿಂಪ್‌ಗಳ ಮಾತೇ ಬೇರೆ. ಅವಕ್ಕೆ ಕೆಎಚ್ 0ರಿಂದ 1, ಜಿಎಚ್ 4ರಿಂದ 6, ಪಿಎಚ್ 6ರ ಆಸುಪಾಸು ಬೇಕು. ಬೋರಿನ ನೀರು ಒಂದು ಲೋಟವೂ ಸೇರಿಸುವಂತಿಲ್ಲ. ಆರ್‌ಒ ನೀರು, ಶ್ರಿಂಪ್‌ಗೆಂದೇ ಮಾರುವ ಜಿಎಚ್ ಉಪ್ಪು, ಆಮ್ಲ ಗುಣದ ಅಕ್ವಾಸಾಯಿಲ್ (ಗಿಡದ ತೊಟ್ಟಿಯ ತಳಕ್ಕೆಂದೇ ಮಾರುವ ಮಣ್ಣು), ಇಷ್ಟರಲ್ಲೇ ನಡೆಸಬೇಕು. ಮೊದಲ ತೊಟ್ಟಿಗೆ ಇದು ಬೇಡ ಅಂತ ನನ್ನ ಮಾತು. ಅಂಗಡಿಯಲ್ಲಿ ಚೆಂದ ಕಾಣುತ್ತವೆ, ನಿಜ.

ಹಂತ 4: ತೊಟ್ಟಿಯೊಳಗಿನ ಸುಣ್ಣ ಹೊರಗೆ ತೆಗೆಯಿರಿ

ಹಾಕುವ ನೀರಿನ ಕೆಎಚ್ 5, ತೊಟ್ಟಿಯದ್ದು 11. ಹೀಗಿದ್ದರೆ ಒಳಗೇ ಏನೋ ಕರಗುತ್ತಿದೆ, ಇಲ್ಲವೇ ನೀರು ಆವಿಯಾಗಿ ಗಟ್ಟಿಯಾಗುತ್ತಿದೆ. ಅಮೃತಶಿಲೆ ಚಿಪ್ಸ್, ಕಪ್ಪೆಚಿಪ್ಪು, ಹವಳದ ತುಂಡು ಇದ್ದರೆ ಅನುಮಾನವೇ ಬೇಡ. ನಮ್ಮ ಕಡೆ ಇನ್ನೊಂದು ಕಳ್ಳ ಇದ್ದಾನೆ: ಮನೆ ಕಟ್ಟಿದಾಗ ಉಳಿದ ಶಹಾಬಾದ್ ಫರ್ಸಿ, ಕಡಪಾ ಕಲ್ಲಿನ ತುಂಡು. ಕಪ್ಪಗೆ, ಬೂದು ಬಣ್ಣಕ್ಕೆ ಚೆಂದ ಕಾಣುತ್ತವೆ ಅಂತ ಜನ ಗುಡ್ಡ ಕಟ್ಟಲು ಹಾಕುತ್ತಾರೆ. ಎರಡೂ ಸುಣ್ಣದ ಕಲ್ಲು. ಹೊಲದ ಎರೆ ಮಣ್ಣು ತಂದು ತಳಕ್ಕೆ ಹಾಕಿದವರೂ ಇದ್ದಾರೆ. ಅದರಲ್ಲಿ ಸುಣ್ಣದ ಹರಳು ಇದ್ದೇ ಇರುತ್ತದೆ.

ಒಣ ಕಲ್ಲಿನ ಮೇಲೆ ವಿನೆಗರ್ ಹನಿ ಹಾಕಿದರೆ ಸಣ್ಣ ಗುಳ್ಳೆ ಏಳುತ್ತದೆ ಅನ್ನುವ ಪರೀಕ್ಷೆ ಸರಿಯೇ, ಆದರೆ ಮನೆಯ ವಿನೆಗರ್ ಸಪ್ಪೆ. ಎಷ್ಟೋ ಸಲ ಗುಳ್ಳೆ ಕಣ್ಣಿಗೆ ಬೀಳುವುದಿಲ್ಲ. ನನಗೆ ನಂಬಿಕೆ ಇರುವುದು ಇದರ ಮೇಲೆ: ಕಲ್ಲನ್ನು ಆರ್‌ಒ ನೀರು ತುಂಬಿದ ಡಬ್ಬಿಯಲ್ಲಿ ಒಂದು ವಾರ ಮುಳುಗಿಸಿಡಿ. ಮೊದಲೊಮ್ಮೆ, ಕೊನೆಗೊಮ್ಮೆ ಕೆಎಚ್ ಅಳೆಯಿರಿ. ಏರಿದ್ದರೆ ಆ ಕಲ್ಲು ಅಂಗಳಕ್ಕೆ.

ಹಂತ 5: ಮೆದು ನೀರಿನ ಮೂಲ ಗಟ್ಟಿ ಮಾಡಿಕೊಳ್ಳಿ

ಬೋರಿನ ನೀರನ್ನು ತೆಳು ಮಾಡಲು ಕೆಎಚ್ ಇಲ್ಲದ ನೀರು ಬೇಕು. ಜಾಸ್ತಿ ತಪ್ಪು ನಡೆಯುವುದು ಇಲ್ಲೇ.

ಮನೆಯ ಆರ್‌ಒ: ಒಳ್ಳೆಯದು, ಆದರೆ ಮೂರು ವಿಷಯ ನೋಡಿಕೊಳ್ಳಿ. ಒಂದು, ಬಹಳ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅನ್ನುವ ತಿರುಪು ಇರುತ್ತದೆ. ರುಚಿಗೆ ಅಂತ ಸ್ವಲ್ಪ ಹಸಿ ನೀರನ್ನು ಅದು ಕಲಸುತ್ತದೆ. ಕುಡಿಯುವ ನೀರಿಗೆ ಅದು ಇರಲಿ, ನಿಮಗೆ ಬೇಕಾದ್ದು ಮೆಂಬ್ರೇನ್‌ನಿಂದ ನೇರ ಬರುವ ನೀರು. ಸರ್ವಿಸ್‌ನವರಿಗೆ ಹೇಳಿ ಪೈಪಿಗೆ ಒಂದು T ಆಕಾರದ ಕವಲು ಜೋಡಿಸಿ ಬೇರೆ ಪೈಪ್ ತೆಗೆಸಿಕೊಳ್ಳಿ. ಎರಡು, ಮಿನರಲ್ ಅಥವಾ ಆಲ್ಕಲೈನ್ ಕಾರ್ಟ್ರಿಜ್ ಇದ್ದರೆ ಅದಕ್ಕಿಂತ ಮೊದಲೇ ನೀರು ಹಿಡಿಯಿರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈಚೆಗೆ ನೀರಿಗೆ ತಾಮ್ರ ಸೇರಿಸುವ ಪ್ಯೂರಿಫೈಯರ್‌ಗಳು ಬಂದಿವೆ. ನಮಗೆ ಒಳ್ಳೆಯದೋ ಏನೋ, ಶ್ರಿಂಪ್‌ಗೆ ತಾಮ್ರ ವಿಷ. ಆ ಕಾರ್ಟ್ರಿಜ್ ದಾಟಿದ ನೀರು ಬೇಡವೇ ಬೇಡ. ಇದೇ ಕಾರಣಕ್ಕೆ ತಾಮ್ರದ ಹಂಡೆ, ಕೊಡದಲ್ಲಿ ಇಟ್ಟ ನೀರೂ ಬೇಡ.

ಶುದ್ಧ ನೀರಿನ ಘಟಕ: ಕಾಯಿನ್ ಹಾಕಿ ಕ್ಯಾನ್ ತುಂಬಿಕೊಳ್ಳುವ ಘಟಕಗಳು ನಮ್ಮ ಕಡೆ ಓಣಿಗೊಂದು, ಊರಿಗೊಂದು ಇವೆ. ಮನೆಯಲ್ಲಿ ಆರ್‌ಒ ಇಲ್ಲದವರಿಗೆ ಇದೇ ಅಗ್ಗದ ದಾರಿ. ಟಿಡಿಎಸ್ ಪೆನ್ ಕಿಸೆಯಲ್ಲಿಟ್ಟುಕೊಂಡೇ ಹೋಗಿ. ಇವತ್ತು 40 ತೋರಿಸಿದ ಘಟಕ, ಮೆಂಬ್ರೇನ್ ಹಳೆಯದಾದ ಮೇಲೆ 150 ತೋರಿಸಬಹುದು. ಅಲ್ಲಿ ನಿಂತವರು ಒಂಥರಾ ನೋಡುತ್ತಾರೆ, ನೋಡಲಿ.

ಮಳೆ ನೀರು: ಕೆಎಚ್ ಹೆಚ್ಚುಕಡಿಮೆ ಸೊನ್ನೆ. ಧಾರವಾಡದವರಿಗೆ ಗದಗಿನವರಿಗಿಂತ ಈ ಅನುಕೂಲ ಜಾಸ್ತಿ. ಮುಂಗಾರಿನ ಮೊದಲ ಕೆಲವು ಮಳೆ ಬಿಟ್ಟುಬಿಡಿ, ಆಮೇಲೂ ಪ್ರತಿ ಸಲ ಮೊದಲ 15-20 ನಿಮಿಷದ ನೀರು ಹಿಡಿಯಬೇಡಿ. ತಗಡಿನ ಚಾವಣಿಯ ನೀರು ಬೇಡ, ಸತುವು ಬರುತ್ತದೆ. ಸಿಮೆಂಟ್ ಶೀಟಿನದ್ದೂ ಬೇಡ. ಟೆರೇಸಿನ ಮೇಲೆ ಸ್ವಚ್ಛ ಪ್ಲಾಸ್ಟಿಕ್ ಹಾಳೆ ಕಟ್ಟಿ ನೇರ ಡ್ರಮ್ಮಿಗೆ ಇಳಿಸುವುದು ಒಳ್ಳೆಯದು. ಡ್ರಮ್ ಮುಚ್ಚಿಡಿ, ಸೊಳ್ಳೆ ಆಗುತ್ತದೆ.

ಕುದಿಸಿದ ನೀರು: ಹತ್ತು ಹದಿನೈದು ನಿಮಿಷ ಕುದಿಸಿದರೆ ಸುಣ್ಣ ತಳಕ್ಕೆ ಕೂರುತ್ತದೆ, ಕೆಎಚ್ ಇಳಿಯುತ್ತದೆ. ಮೇಲಿನ ತಿಳಿ ಬಸಿದು, ಆರಿಸಿ, ಗಾಳಿ ಆಡಿಸಿ ಬಳಸಬಹುದು. ಐದು ಲೀಟರ್ ತೊಟ್ಟಿಗೆ ಸರಿ. ನಲವತ್ತು ಲೀಟರ್‌ಗೆ ಗ್ಯಾಸ್ ಯಾರು ಕೊಡುತ್ತಾರೆ? ಸೋಡಾ ಅಂಶದ ಬೋರಾದರೆ ಕುದಿಸಿಯೂ ಪ್ರಯೋಜನ ಇಲ್ಲ, ಸೋಡಿಯಂ ತಳಕ್ಕೆ ಕೂರುವುದಿಲ್ಲ.

ಎಸಿಯಿಂದ ತೊಟ್ಟಿಕ್ಕುವ ನೀರು ಬೇಡ, ಅದು ತಾಮ್ರದ ಕೊಳವೆ ಸುತ್ತಿ ಬಂದದ್ದು. ಬ್ಯಾಟರಿಗೆ ಮಾರುವ ನೀರೂ ಬೇಡ.

ಇನ್ನು ವಾಟರ್ ಸಾಫ್ಟ್‌ನರ್. ಇದರಲ್ಲಿ ನಾನೇ ಸುಟ್ಟುಕೊಂಡಿದ್ದೇನೆ. ಹುಬ್ಬಳ್ಳಿಯಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಹೋದಾಗ ಇಡೀ ಕಟ್ಟಡಕ್ಕೆ ಸಾಫ್ಟ್‌ನರ್ ಇತ್ತು. ಸೋಪು ಚೆನ್ನಾಗಿ ನೊರೆ ಬರುತ್ತಿತ್ತು. ಇಲ್ಲಿ ನೀರು ಮೆದು, ಇನ್ನು ಕಲಸುವ ಕಾಟ ಇಲ್ಲ ಅಂದುಕೊಂಡೆ. ಅಳೆಯಲೂ ಇಲ್ಲ. ಎರಡು ಸಲ ನೀರು ಬದಲಿಸಿದ ಮೇಲೆ ಪೊರೆ ಬಿಡುವ ಹೊತ್ತಿಗೆ ಒಂದೊಂದೇ ಸಾಯತೊಡಗಿದವು. ಹತ್ತು ದಿನದಲ್ಲಿ ಅರ್ಧ ತೊಟ್ಟಿ ಖಾಲಿ. ಆಮೇಲೆ ಅಳೆದರೆ ನಲ್ಲಿ ನೀರಿನ ಜಿಎಚ್ 1, ಕೆಎಚ್ 15. ಸಾಫ್ಟ್‌ನರ್ ಮಾಡುವುದು ಇಷ್ಟೇ: ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿತ್ತುಕೊಂಡು ಸೋಡಿಯಂ ಕೊಡುತ್ತದೆ. ಕೆಎಚ್ ಇದ್ದಷ್ಟೇ ಇರುತ್ತದೆ. ಶ್ರಿಂಪ್‌ಗೆ ಬೇಕಾದ್ದು ಹೋಯಿತು, ಬೇಡದ್ದು ಉಳಿಯಿತು. ಬಟ್ಟೆ ಒಗೆಯಲು ಚೆನ್ನಾಗಿದೆ, ಅಷ್ಟೇ. ಇಂಥ ಕಟ್ಟಡದಲ್ಲಿದ್ದರೆ ಸಾಫ್ಟ್‌ನರ್‌ಗಿಂತ ಮೊದಲಿನ ನಲ್ಲಿ ಎಲ್ಲಿದೆ ಅಂತ ಕೇಳಿಕೊಳ್ಳಿ.

ಹಂತ 6: ಬಕೆಟ್‌ನಲ್ಲಿ ಕಲಸುವುದು

ಲೆಕ್ಕ ಒಂದೇ ಸಾಲಿನದ್ದು. ಬೇಕಾದ ಕೆಎಚ್ ಅನ್ನು ಬೋರಿನ ಕೆಎಚ್‌ನಿಂದ ಭಾಗಿಸಿ. ಬಂದಷ್ಟು ಪಾಲು ಬೋರು, ಉಳಿದದ್ದು ಆರ್‌ಒ.

ಬೋರಿನ ಕೆಎಚ್ 16, ಜಿಎಚ್ 20, ಟಿಡಿಎಸ್ 800 ಅಂತಿಟ್ಟುಕೊಳ್ಳಿ. ಬೇಕಾದ ಕೆಎಚ್ 4. ನಾಲ್ಕರಲ್ಲಿ ಒಂದು ಪಾಲು ಬೋರು. 20 ಲೀಟರ್ ಬಕೆಟ್‌ಗೆ 5 ಲೀಟರ್ ಬೋರು, 15 ಲೀಟರ್ ಆರ್‌ಒ. ಜಿಎಚ್ ತಾನಾಗಿಯೇ 5ಕ್ಕೆ ಬರುತ್ತದೆ. ಆರ್‌ಒ ಟಿಡಿಎಸ್ 40 ಇದ್ದರೆ ಕಲಸಿದ ನೀರು 230ರ ಹತ್ತಿರ ನಿಲ್ಲಬೇಕು.

ಜಿಎಚ್ 5 ಸ್ವಲ್ಪ ಕಡಿಮೆ. ಅದನ್ನು ಆರೂವರೆಗೆ ತರಲು ಎಪ್ಸಂ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಸಾಕು. 10 ಲೀಟರ್ ನೀರಿಗೆ 0.44 ಗ್ರಾಂ ಹಾಕಿದರೆ ಜಿಎಚ್ 1 ಡಿಗ್ರಿ ಏರುತ್ತದೆ. 20 ಲೀಟರ್‌ಗೆ ಒಂದೂವರೆ ಡಿಗ್ರಿ ಅಂದರೆ 1.3 ಗ್ರಾಂ. ಕೆಎಚ್‌ಗೆ ಇದರಿಂದ ಏನೂ ಆಗುವುದಿಲ್ಲ.

ಈಗ ಆ ಸೋಡಾ ಬೋರಿನ ವಿಷಯ: ಕೆಎಚ್ 18, ಜಿಎಚ್ 7. ಕಾಲು ಪಾಲು ಕಲಸಿದರೆ ಕೆಎಚ್ ನಾಲ್ಕೂವರೆ, ಆದರೆ ಜಿಎಚ್ 2 ಕೂಡ ಇಲ್ಲ. ಇಷ್ಟಕ್ಕೇ ಬಿಟ್ಟರೆ ನನ್ನ ಸಾಫ್ಟ್‌ನರ್ ಕತೆ ಮತ್ತೆ ನಡೆಯುತ್ತದೆ. ಇಲ್ಲಿ ಕ್ಯಾಲ್ಸಿಯಂ ಕೂಡ ಕೊಡಬೇಕು. ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, 10 ಲೀಟರ್‌ಗೆ 0.31 ಗ್ರಾಂ ಹಾಕಿದರೆ 1 ಡಿಗ್ರಿ. 20 ಲೀಟರ್ ಬಕೆಟ್‌ಗೆ ಜಿಪ್ಸಂ 1.85 ಗ್ರಾಂ, ಎಪ್ಸಂ 1.3 ಗ್ರಾಂ ಹಾಕಿದರೆ ನಾಲ್ಕೂವರೆ ಡಿಗ್ರಿ ಸೇರಿ ಜಿಎಚ್ 6ರ ಮೇಲೆ ಹೋಗುತ್ತದೆ. ಕ್ಯಾಲ್ಸಿಯಂ ಎರಡು ಪಾಲು, ಮೆಗ್ನೀಸಿಯಂ ಒಂದು ಪಾಲು ಅನ್ನುವುದು ನೆನಪಿಟ್ಟುಕೊಳ್ಳಲು ಸುಲಭ.

ಜಿಪ್ಸಂ ಸೋಮಾರಿ. ಹಾಕಿದ ಕೂಡಲೇ ಕರಗುವುದಿಲ್ಲ, ಲೋಟದಲ್ಲಿ ಗಟ್ಟಿಯಾಗಿ ಕಲಸಿದರೂ ಕರಗುವುದಿಲ್ಲ. ಇಡೀ ಬಕೆಟ್‌ಗೆ ಉದುರಿಸಿ, ಗಾಳಿ ಕಲ್ಲು ಬಿಟ್ಟು ರಾತ್ರಿಯಿಡೀ ಓಡಿಸಿ. ಗಣಪತಿ ಮಾಡುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗಲಿ, ಸೀಮೆಸುಣ್ಣದ ತುಂಡಾಗಲಿ ಇದಕ್ಕೆ ಬದಲಿ ಅಲ್ಲ. ಗೊಬ್ಬರದ ಅಂಗಡಿಯ ಮೆಗ್ನೀಸಿಯಂ ಸಲ್ಫೇಟ್ ಆಗುತ್ತದೆ, ಆದರೆ ಚೀಲದ ಮೇಲೆ ಓದಿ. ಲಘು ಪೋಷಕಾಂಶಗಳ ಮಿಶ್ರಣ ಅಂತ ಇದ್ದರೆ ಅದರಲ್ಲಿ ತಾಮ್ರ, ಸತುವು ಇರುತ್ತದೆ.

ಬೋರಿಗೆ ಬದಲು ನಳದ ನೀರು ಕಲಸುವವರು ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಇಲ್ಲವೇ 24 ಗಂಟೆ ಗಾಳಿ ಆಡಿಸಿ.

ಕಲಸಿ, ಗಾಳಿ ಆಡಿಸಿ, ಮರುದಿನ ಬೆಳಿಗ್ಗೆ ಜಿಎಚ್, ಕೆಎಚ್, ಟಿಡಿಎಸ್ ಮೂರೂ ಅಳೆದು ನೋಟ್‌ಬುಕ್ಕಿಗೆ ಬರೆಯಿರಿ. ಒಮ್ಮೆ ಸರಿ ಬಂತು ಅಂದರೆ ಅದೇ ನಿಮ್ಮ ಪಾಕ. ಮುಂದಿನ ವಾರಗಳಲ್ಲಿ ಟಿಡಿಎಸ್ ಮಾತ್ರ ನೋಡಿದರೆ ಸಾಕು. ಹಿಂದಿನದಕ್ಕಿಂತ 20 ಹೆಚ್ಚುಕಮ್ಮಿ ಆದರೆ ನಿಲ್ಲಿಸಿ, ಬೋರು ಬದಲಾಗಿದೆಯೋ ಆರ್‌ಒ ಹಳತಾಗಿದೆಯೋ ಹುಡುಕಿ. ಮಳೆಗಾಲ ಮುಗಿದ ಮೇಲೆ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಬೋರಿನ ಕೆಎಚ್ ಮತ್ತೆ ಅಳೆಯಲೇಬೇಕು. ಒಂದೇ ಬೋರು, ಆದರೆ ನೀರು ಬೇರೆ ಇರುತ್ತದೆ.

ಹಂತ 7: ಓಡುತ್ತಿರುವ ತೊಟ್ಟಿಯನ್ನು ನಿಧಾನಕ್ಕೆ ಇಳಿಸಿ

ಹೊಸ ತೊಟ್ಟಿಯಾದರೆ ಕಲಸಿದ ನೀರಿಂದಲೇ ತುಂಬಿ, ಈ ಹಂತ ಬಿಟ್ಟುಬಿಡಿ.

ಶ್ರಿಂಪ್ ಇರುವ ತೊಟ್ಟಿಗೆ ಒಂದು ಸಲಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ. 40 ಲೀಟರ್‌ಗೆ 4 ಲೀಟರ್. ತೊಟ್ಟಿಯ ಕೆಎಚ್ 14, ಹೊಸ ನೀರಿನದ್ದು 4 ಇದ್ದರೆ ಮೊದಲ ವಾರ 13 ಆಗುತ್ತದೆ, ಎರಡನೇ ವಾರ 12, ಎಂಟನೇ ವಾರಕ್ಕೆ 8ರ ಹತ್ತಿರ. ಬಹಳ ನಿಧಾನ ಅನ್ನಿಸುತ್ತದೆ, ಅಲ್ವಾ? ಅವಸರ ಇದ್ದರೆ ವಾರಕ್ಕೆರಡು ಸಲ ಮಾಡಿ, ಆದರೆ ಒಂದೇ ಸಲಕ್ಕೆ ಅರ್ಧ ತೊಟ್ಟಿ ಬದಲಿಸಬೇಡಿ. ನೀರಿನ ಲವಣ ದಿಢೀರ್ ಬದಲಾದರೆ ಶ್ರಿಂಪ್ ಸಮಯಕ್ಕೆ ಮೊದಲೇ ಪೊರೆ ಬಿಡಲು ಹೋಗಿ ಸಾಯುತ್ತದೆ. ಅದೂ ಅವತ್ತೇ ಅಲ್ಲ, ಎರಡು ಮೂರು ದಿನ ಬಿಟ್ಟು. ಅದಕ್ಕೇ ಜನರಿಗೆ ಕಾರಣ ಗೊತ್ತಾಗುವುದಿಲ್ಲ.

ಹೊಸ ನೀರನ್ನು ತೆಳು ಪೈಪಿನಲ್ಲಿ ಸಣ್ಣಗೆ ಇಳಿಸಿ. ಬಕೆಟ್ ಎತ್ತಿ ಸುರಿಯಬೇಡಿ. ಎರಡೂ ನೀರಿನ ಬಿಸಿ ಒಂದೇ ಇರಲಿ.

ನಿಂಬೆರಸ, ವಿನೆಗರ್, ಪಿಎಚ್ ಡೌನ್ ಯಾವುದೂ ತೊಟ್ಟಿಗೆ ಬೇಡ. ಕಾಡು ಬಾದಾಮಿ ಎಲೆ ಹಾಕಬಹುದು, ಶ್ರಿಂಪ್ ಮೆಲ್ಲುತ್ತವೆ, ಒಳ್ಳೆಯದೇ. ಆದರೆ ಕೆಎಚ್ 14 ಇರುವಲ್ಲಿ ನಾಲ್ಕು ಎಲೆ ಪಿಎಚ್ ಇಳಿಸುತ್ತದೆ ಅನ್ನುವುದು ಬರೀ ಆಸೆ. ಅಕ್ವಾಸಾಯಿಲ್ ಕೆಎಚ್ ಹೀರುತ್ತದೆ ನಿಜ. ಆದರೆ ಬೋರಿನ ನೀರು ಹಾಕುತ್ತಾ ಹೋದರೆ ಆ ಗುಣ ಬೇಗ ಮುಗಿದುಹೋಗುತ್ತದೆ. ಸಾವಿರಾರು ರೂಪಾಯಿಯ ಮಣ್ಣು ಬರೀ ಮಣ್ಣಾಗಿ ಉಳಿಯುತ್ತದೆ.

ಹಂತ 8: ಆವಿಯಾದ ನೀರಿಗೆ ಆರ್‌ಒ ಮಾತ್ರ

ಇಷ್ಟೆಲ್ಲ ಸರಿ ಮಾಡಿಯೂ ಸೋಲುವವರು ಸೋಲುವುದು ಇಲ್ಲಿ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಹೋಗುವುದಿಲ್ಲ. ಕಡಿಮೆಯಾದ ಜಾಗಕ್ಕೆ ಬೋರಿನ ನೀರು ಹಾಕಿದರೆ ಇದ್ದ ಸುಣ್ಣದ ಮೇಲೆ ಹೊಸ ಸುಣ್ಣ.

ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ ಅಂತ ಮೇಲೆ ಫ್ಯಾನ್ ಹಾಕುತ್ತೇವೆ. ಹಾಕಲೇಬೇಕು. ಆದರೆ ಫ್ಯಾನ್ ತಂಪು ಮಾಡುವುದೇ ನೀರನ್ನು ಆವಿ ಮಾಡಿ. ಒಂದೂವರೆ ಅಡಿ ಉದ್ದದ, 40 ಲೀಟರ್‌ನ ತೊಟ್ಟಿಯಿಂದ ದಿನಕ್ಕೆ 1 ಲೀಟರ್ ಹೋಯಿತು ಅನ್ನಿ. ಅದಕ್ಕೆ ದಿನಾ ಕೆಎಚ್ 16ರ ಬೋರಿನ ನೀರು ಹಾಕಿದರೆ ಒಂದು ತಿಂಗಳಲ್ಲಿ ಲೆಕ್ಕದ ಪ್ರಕಾರ ಕೆಎಚ್ 12 ಡಿಗ್ರಿ ಏರಬೇಕು. ಒಂದಷ್ಟು ಗಾಜಿಗೆ, ಎಲೆಗೆ ಬಿಳಿ ಪೊರೆಯಾಗಿ ಅಂಟುತ್ತದೆ, ಉಳಿದದ್ದು ನೀರಲ್ಲೇ. ಎಂಟು ವಾರ ಕಷ್ಟಪಟ್ಟು ಇಳಿಸಿದ್ದು ಒಂದೇ ಬೇಸಿಗೆಯಲ್ಲಿ ವಾಪಸ್.

ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ. ಪ್ರತಿ ಸಂಜೆ ಆ ಗುರುತಿಗೆ ಬರುವವರೆಗೆ ಆರ್‌ಒ ನೀರು, ಉಪ್ಪು ಏನೂ ಸೇರಿಸದ ಬರೀ ನೀರು, ನಿಧಾನಕ್ಕೆ ಹಾಕಿ. ವಾರಕ್ಕೊಮ್ಮೆ ಏಳು ಲೀಟರ್ ಒಟ್ಟಿಗೆ ಸುರಿದರೆ ಅದೂ ಒಂದು ಏಟೇ. ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕ್ಯಾನ್ ತೋರಿಸಿ 'ಇದರಿಂದ ಮಾತ್ರ' ಅಂತ ಹೇಳಿ ಹೋಗಿ. ನಾನು ಕ್ಯಾನ್ ಮೇಲೆ ಬರೆದೇ ಇಟ್ಟಿದ್ದೇನೆ.

ಹಂತ 9: ಗಿಡ ಮತ್ತು ಗ್ಯಾಸ್

ಕೆಎಚ್ ಇಳಿಸುವುದು ಗಿಡಕ್ಕಾಗಿ ಅಂತಾದರೆ ಮೊದಲು ಗಿಡ ಬದಲಿಸಿ ನೋಡಿ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್ ವೆಂಡ್ಟಿ, ಅನುಬಿಯಾಸ್, ಜಾವಾ ಫರ್ನ್, ಹಾರ್ನ್‌ವರ್ಟ್ ಗಡಸು ನೀರಲ್ಲೂ ಬರುತ್ತವೆ. ಟೊನಿನಾ ತರಹದ್ದಕ್ಕೆ ಮೆದು ನೀರೇ ಬೇಕು.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಪಿಎಚ್ 7 ದಾಟಿದ ನೀರಲ್ಲಿ ಇಡಿಟಿಎ ರೂಪದ ಕಬ್ಬಿಣ ಬೇಗ ಕೈಕೊಡುತ್ತದೆ. ಡಿಟಿಪಿಎ ರೂಪದ್ದು ಕೇಳಿ ತನ್ನಿ.

ಗಿಡ ಬೆಳೆಯಲಿ ಅಂತ ತೊಟ್ಟಿಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡುವವರಿಗೆ ಒಂದು ಎಚ್ಚರ. ಕೆಎಚ್ 16ರಲ್ಲಿ ಪಿಎಚ್ 7.2 ಇದ್ದಾಗ ಗ್ಯಾಸ್ ಸುಮಾರು 30 ಪಿಪಿಎಂ ಇರುತ್ತದೆ. ಕೆಎಚ್ 4ಕ್ಕೆ ಇಳಿದ ಮೇಲೆ ಅದೇ 30ಕ್ಕೆ ಪಿಎಚ್ 6.6 ತೋರಿಸುತ್ತದೆ. ಹಳೆಯ ಪಿಎಚ್ ಅಂಕಿ ಹಿಡಿದುಕೊಂಡು ಗ್ಯಾಸ್ ಹೊಂದಿಸಬೇಡಿ. ಗ್ಯಾಸ್ ಎಷ್ಟಿದೆ ಅಂತ ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್‌ಗೆ 2ನೇ ಹಂತದಲ್ಲಿ ಮಾಡಿಟ್ಟ ಕೆಎಚ್ 4ರ ನೀರು ತುಂಬಿ, ತೊಟ್ಟಿಯ ನೀರಲ್ಲ. ಹಸಿರು ಬಂದರೆ 30ರ ಸುತ್ತ. ಶ್ರಿಂಪ್ ಇರುವಲ್ಲಿ ನಾನು ನೀಲಿ ಕಡೆಗೆ ವಾಲಿದ ಹಸಿರಲ್ಲೇ ನಿಲ್ಲಿಸುತ್ತೇನೆ. ರಾತ್ರಿ ಗ್ಯಾಸ್ ಬಂದ್.

ಹಂತ 10: ಹೊಸ ಶ್ರಿಂಪ್ ಬಿಡುವಾಗ

ಅಂಗಡಿಯ ಚೀಲದ ನೀರಿನ ಟಿಡಿಎಸ್ ಅಳೆಯಿರಿ. ನಿಮ್ಮದು 230, ಅವರದ್ದು 600 ಇರಬಹುದು. ಶ್ರಿಂಪ್ ಅನ್ನು ಚೀಲದ ನೀರಿನ ಸಮೇತ ಡಬ್ಬಿಗೆ ಹಾಕಿ. ತೊಟ್ಟಿಯಿಂದ ತೆಳು ಪೈಪ್ ಇಳಿಬಿಟ್ಟು, ಗಂಟು ಹಾಕಿ, ಸೆಕೆಂಡಿಗೆ ಎರಡು ಹನಿಯಂತೆ ಬಿಡಿ. ಎರಡು ಮೂರು ಗಂಟೆ ಹಿಡಿಯುತ್ತದೆ. ಡಬ್ಬಿಯ ಟಿಡಿಎಸ್ ತೊಟ್ಟಿಯ ಹತ್ತಿರ ಬಂದ ಮೇಲೆ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ತೊಟ್ಟಿಗೆ ಬೇಡ.

ಅಪಾಯದ ಗುರುತುಗಳು

ಕುತ್ತಿಗೆಯ ಸುತ್ತ ಬಿಳಿ ಉಂಗುರ: ಪೊರೆ ಬಿಡಲಾಗದೆ ಸಿಕ್ಕಿಕೊಂಡಿದೆ. ಆ ಶ್ರಿಂಪ್ ಉಳಿಯುವುದು ಅಪರೂಪ. ಜಿಎಚ್ ಅಳೆಯಿರಿ, ಈಚೆಗೆ ಎಷ್ಟು ನೀರು ಬದಲಿಸಿದಿರಿ ಅಂತ ನೋಟ್‌ಬುಕ್ ನೋಡಿ. ಗಾಬರಿಯಲ್ಲಿ ಮತ್ತೆ ನೀರು ಬದಲಿಸಿದರೆ ಉಳಿದವಕ್ಕೂ ಅದೇ ಗತಿ. ಬಿಟ್ಟ ಖಾಲಿ ಪೊರೆ ಕಂಡರೆ ಹೆದರಬೇಡಿ, ತೆಗೆಯಲೂ ಬೇಡಿ. ಅವೇ ತಿನ್ನುತ್ತವೆ.

ನೀರು ಬದಲಿಸಿದ ಕೂಡಲೇ ಎಲ್ಲವೂ ದಿಕ್ಕೆಟ್ಟು ಈಜುವುದು: ಕ್ಲೋರಿನ್, ಬಿಸಿಯ ವ್ಯತ್ಯಾಸ, ಇಲ್ಲವೇ ಟಿಡಿಎಸ್ ಏಟು. ನೀರು ಹಾಕುವುದು ನಿಲ್ಲಿಸಿ, ಗಾಳಿ ಕಲ್ಲು ಬಿಡಿ. ನಳದ ನೀರಾಗಿದ್ದರೆ ಕ್ಲೋರಿನ್ ತೆಗೆಯುವ ದ್ರಾವಣ ಕೂಡಲೇ ಹಾಕಿ.

ಬೆಳಿಗ್ಗೆ ಎಲ್ಲವೂ ಮೇಲ್ಮೈಗೆ ಬಂದು ಕೂತಿರುವುದು: ಇದಕ್ಕೂ ಕೆಎಚ್‌ಗೂ ಸಂಬಂಧ ಇಲ್ಲ. ಆಮ್ಲಜನಕ ಸಾಲುತ್ತಿಲ್ಲ ಅಥವಾ ಗ್ಯಾಸ್ ಜಾಸ್ತಿಯಾಗಿದೆ.

ಮುಟ್ಟಿದರೆ ಎಲೆ ಮರಳು ಮರಳು, ಮಧ್ಯಾಹ್ನ ಪಿಎಚ್ ಏರಿಕೆ: ಗ್ಯಾಸ್ ಸಿಗದ ಗಿಡಗಳು ಬೈಕಾರ್ಬೊನೇಟ್ ತಿನ್ನುತ್ತಿವೆ, ಸುಣ್ಣ ಎಲೆಯ ಮೇಲೆ ಕೂರುತ್ತಿದೆ. ವ್ಯಾಲಿಸ್ನೇರಿಯಾದಲ್ಲಿ ಇದು ಮಾಮೂಲು. ಶ್ರಿಂಪ್ ಚುರುಕಾಗಿದ್ದರೆ ಸುಮ್ನೆ ಬಿಡಿ.

ಬಸವನಹುಳದ ಚಿಪ್ಪು ಬೆಳ್ಳಗಾಗಿ, ಗುಂಡಿ ಬೀಳುವುದು: ಈಗ ನೀವು ಆ ಕಡೆ ಜಾಸ್ತಿ ಹೋಗಿದ್ದೀರಿ. ಕೆಎಚ್ 1ಕ್ಕೆ ಇಳಿದಿದ್ದರೆ ಪಿಎಚ್ ಒಂದು ರಾತ್ರಿಯಲ್ಲಿ ಕುಸಿಯಬಹುದು. ಮುಂದಿನ ಬಕೆಟ್‌ಗೆ ಬೋರಿನ ಪಾಲು ಹೆಚ್ಚಿಸಿ. ಅಷ್ಟು ಕಾಯಲಾಗದಿದ್ದರೆ 20 ಲೀಟರ್ ತೊಟ್ಟಿ ನೀರಿಗೆ 0.6 ಗ್ರಾಂ ಅಡುಗೆ ಸೋಡಾ ಲೆಕ್ಕ ಹಾಕಿ, ಒಂದು ಲೋಟ ನೀರಲ್ಲಿ ಕರಗಿಸಿ, ಗಂಟೆಗೆ ಸ್ವಲ್ಪದಂತೆ ದಿನವಿಡೀ ಹಾಕಿ. ಕೆಎಚ್ 1 ಡಿಗ್ರಿ ಏರುತ್ತದೆ. ಒಂದು ದಿನಕ್ಕೆ ಅದಕ್ಕಿಂತ ಜಾಸ್ತಿ ಬೇಡ. ಮರುದಿನ ಅಳೆದು ನೋಡಿ ಮತ್ತೆ ಹಾಕಿ.